ಚಿಗವ್ವನ ಬಟ್ಟಲು

ಬೆಳಿಗ್ಗೆ ಸೊಸೆ ಹುರಿಹಿಟ್ಟಿಗೆಂದು ರಾಗಿ ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಲ್ಲದಕೆರೆಯಲ್ಲಿ ನನ್ನ ತವರಿನ ಪಕ್ಕದ ಮನೆಯಲ್ಲಿದ್ದ ಚಿಗವ್ವ ಕಣ್ಣ ಮುಂದೆ ಬಂದು ಕುಳಿತಳು. ಕುಳಿತದ್ದು ಜಗಲಿಯ ಮೇಲೆ, ಕೈಯಲ್ಲಿ ಬಟ್ಟಲು ಹಿಡಿದು...

ಅವಳು ರಕ್ತಸಂಬಂಧಿಯಲ್ಲ, ನಾನು ಹಾಗೆ ಕರೆಯುತ್ತಿದ್ದೆ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಉಂಡದ್ದು ನಿಲ್ಲುತ್ತಿರಲಿಲ್ಲ, ಮೈ ಒಣಗಿ ಕಡ್ಡಿಯಾಗಿತ್ತು. ಹಿರಿಯೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿ ಎಂದರು. ಹೊಟ್ಟೆ ಕೊಯ್ಸಿಕೊಂಡು ಬದುಕಿ ಬಂದವರನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಮನೆಯವರೆಲ್ಲ ಬೇಡವೆಂದರು.

"ಸುಮ್ನಿದ್ರೂ ಸಾಯ್ತೀನಿ. ಕೊಯ್ಸ್ಕಂಡೇ ನೋಡಾಣ, ಗಾಡಿ ಹೂಡ್ರಿ" ಎಂದಳು ಗಂಡನಿಗೆ.

ಕ್ಲೋರೋಫಾರಂ ಕೊಟ್ಟು, ಗಡ್ಡೆಯ ಜೊತೆ ಅರ್ಧ ಜಠರವನ್ನೇ ತೆಗೆದರಂತೆ. ಅದು ಬರೀ ಹುಣ್ಣಲ್ಲ, ದುಗ್ಧರಸದ ಗಡ್ಡೆ, ಒಂದು ಬಗೆಯ ಕ್ಯಾನ್ಸರ್ ಎಂದರಂತೆ. ಚಿಗವ್ವ ಬದುಕಿ ಬಂದಳು! ಉಳಿದ ಜಠರ ಚಿಕ್ಕದು, ಸ್ವಲ್ಪಸ್ವಲ್ಪವೇ ಆಗಾಗ ಉಣ್ಣಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಆದರೆ ಆ ಮನೆಯಲ್ಲಿ ಸೊಸೆಯ ಊಟ ಎಲ್ಲರದೂ ಆದ ಮೇಲೆ. ಮೊದಮೊದಲು ಚಿಗವ್ವನೂ ಕಾದಳು. ಒಂದು ದಿನ ಹಸಿದ ಹೊಟ್ಟೆಗೆ ಒಂದೇ ಸಲ ಇಡೀ ಮುದ್ದೆ ಇಳಿಸಿ, ಬೆವೆತು ಒಲೆಯ ಮುಂದೆ ಬಿದ್ದುಬಿಟ್ಟಳು. ಡಾಕ್ಟರು ಉಳಿಸಿದ ಜೀವ ಅಡುಗೆಮನೆಯಲ್ಲಿ ಹೋಗುತ್ತದಲ್ಲ ಎಂದು ನಾನು ಹೆದರಿದೆ.

ಮರುದಿನ ಅವಳು ಬಟ್ಟಲು ಹಿಡಿದು ಜಗಲಿಗೇ ಬಂದಳು. ಒಳಗೆ ಕದ್ದು ತಿನ್ನಬಹುದಿತ್ತು, ತಿನ್ನಲಿಲ್ಲ. ಊರೆಲ್ಲ ನೋಡುವ ಹಾಗೆ ಕುಳಿತು, ಬೆಲ್ಲ ಕಲಸಿದ ಹುರಿಹಿಟ್ಟನ್ನು ನಿಧಾನವಾಗಿ ಬಾಯಿಗಿಟ್ಟಳು.

ಅವಳ ಅತ್ತೆ ಹೊರಗೆ ಬಂದು ಗದರಿದರು: "ಗಂಡಸ್ರು ಇನ್ನೂ ಹೊಲದಾಗೆ ಅವ್ರೆ. ಆಗ್ಲೇ ಉಣ್ಣಾಕೆ ಕುಂತ್ಯೇನೇ?"

"ಕೊಯ್ಸ್ಕಂಡಿರೋ ಹೊಟ್ಟೆ ನಂದು ಅತ್ತೆ. ಇದು ಯಾರಿಗೂ ಕಾಯಾಕಿಲ್ಲ."

ಹೇಳಿ ಮತ್ತೊಂದು ತುತ್ತು ತಿಂದಳು. ದಾರಿಯಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ನನಗಂತೂ ಕುಣಿಯುವಷ್ಟು ಖುಷಿ. ಅಂದಿನಿಂದ ದಿನವೂ ಅಲ್ಲೇ ಕುಳಿತು ಉಂಡಳು, ಮೈ ತುಂಬಿಕೊಂಡಳು.

ಕೆಲವು ವರ್ಷಗಳ ಮೇಲೆ ಗಡ್ಡೆ ಮರಳಿ ಬಂತು. ಈ ಸಲ ಕೊಯ್ಯಲಾಗದು ಎಂದರು... ಆ ವರ್ಷದ ಹಿರಿಯರ ಹಬ್ಬಕ್ಕೆ ಅತ್ತೆಯೇ ಅವಳ ಸೀರೆಯ ಮುಂದೆ ಎಡೆ ಇಟ್ಟರು. ಸತ್ತವರಿಗೆ ಎಡೆಯಾಗುವ ತನಕ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಈಗ ನನ್ನ ಸೊಸೆ ಹುರಿಹಿಟ್ಟು ಕಲಸಿ, "ಮಾವ ಬರ್ಲಿ ಅಲ್ವಾ ಅತ್ತೆ?" ಎಂದಳು.

"ಅವರು ಬಂದಾಗ ಬರ್ತಾರೆ. ನೀನು ತಿನ್ನೇ" ಎಂದೆ.

ಚಿಗವ್ವ ಇಲ್ಲ. ಆ ನೋವು ಇನ್ನೂ ಆರಿಲ್ಲ. ಆದರೆ ಎಲ್ಲರಿಗಿಂತ ಮೊದಲು ಉಣ್ಣಲು ಅವಳು ಸಾಯುವ ತನಕ ಕಾಯಲಿಲ್ಲ.