ಮಾಸ್ತರರು ಕೂಡಿಸಿದ ವರ್ಷ

ನಮ್ಮೂರ ಶಾಲೆಯಲ್ಲಿ ಕಲಿತವರೆಲ್ಲ ಹುಟ್ಟಿದ್ದು ಜೂನ್ ಒಂದರಂದೇ. ಹೆತ್ತವರು ನಮ್ಮ ತಾಯಂದಿರು. ಹುಟ್ಟಿದ ದಿನ ಕೊಟ್ಟವರು ಮಾಣಿಕರಾವ ಮಾಸ್ತರರು. ಬಿಳಿ ಟೋಪಿ, ಎಲೆ ಅಡಿಕೆಯಿಂದ ಕೆಂಪಾದ ಬಾಯಿ, ಬರೆಯುವ ಮುಂಚೆ ಪೆನ್ನನ್ನು ನೆಲಕ್ಕೊಮ್ಮೆ ಝಾಡಿಸುವ ಚಾಳಿ. ಆ ಶಾಯಿಯ ಚಿಕ್ಕೆಗಳು ಅವರು ಕೂಡುತ್ತಿದ್ದ ಕೋಣೆಯ ಫರಸಿಯ ಮೇಲೆ ಈಗಲೂ ಇವೆ.

ಔರಾದ ತಾಲೂಕಿನ ನಮ್ಮ ಕಡೆ ತೊಗರಿ ರಾಶಿಗೆ ಹೋಗುವ ತಾಯಂದಿರು ಮಕ್ಕಳನ್ನು ಎಲ್ಲಿ ಬಿಡಬೇಕು? ಆರು ತುಂಬದೆ ಶಾಲೆಗೆ ಹೆಸರು ಹಚ್ಚುವಂತಿಲ್ಲ. ಐದರ ಕೂಸನ್ನು ಎಳೆದುಕೊಂಡು ಬಂದವರಿಗೆ ಮಾಸ್ತರರು ನಗುತ್ತ ಹೇಳುತ್ತಿದ್ದರು: "ಒಂದ್ ವರ್ಷ ಕೂಡ್ಸಿ ಬರೀತೇನಿ ತಾಯಿ. ನಿಂದೇನು ಹೋಗ್ತದ, ನಂದೇನು ಹೋಗ್ತದ?" ಕೂಸಿಗೆ ಮಧ್ಯಾಹ್ನದ ಊಟ ಸಿಗುತ್ತಿತ್ತು. ನಾನೂ ಹಾಗೆಯೇ ದೊಡ್ಡವನಾದವನು. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ನನಗೆ ಕೆಲಸ ಒಂದು ವರ್ಷ ಮೊದಲೇ ಸಿಕ್ಕಿತು.

ಮಾಸ್ತರರು ನಿವೃತ್ತರಾದ ಮೇಲೆ ಭಾಲ್ಕಿಯ ಬಸ್ ನಿಲ್ದಾಣದೆದುರು ಗುಂಡು ಹಾರಿತು. ಬೈಕಿನ ಹಿಂದೆ ಕೂತು ಹಾರಿಸಿದವನು ನಮ್ಮೂರ ಹುಡುಗ. ಅವನ ಹೆಸರು ಬರೆಯುವಂತಿಲ್ಲ, ಕಾನೂನು ಅವನ ಮಾನ ಕಾಯುತ್ತದೆ. ಸತ್ತವನ ಹೆಸರು ಬರೆಯಬಹುದು: ಸಚಿನ. ಅವನೂ ನಮ್ಮೂರವನೇ, ಅವನದೂ ಜೂನ್ ಒಂದೇ. ಪ್ಲಾಟಿನ ಜಗಳ ಅವನು ಕೆಲಸಕ್ಕಿದ್ದ ಸಾಹುಕಾರನದು. ಸಾಹುಕಾರನ ಬಾಜೂ ನಿಂತದ್ದಷ್ಟೇ ಸಚಿನನ ತಪ್ಪು.

ಹುಡುಗನ ಕೈಗೆ ಪಿಸ್ತೂಲು ಕೊಟ್ಟ ದೊಡ್ಡ ಮನುಷ್ಯ ಮೊದಲೇ ಲೆಕ್ಕ ಹಾಕಿದ್ದ. "ನಿನಗ ಇನ್ನಾ ಹದಿನೈದು. ದೊಡ್ಡವರ ಕೋರ್ಟಿಗಿ ನಿನ್ನ ಒಯ್ಯಂಗಿಲ್ಲ" ಎಂದಿದ್ದನಂತೆ. ಇಂಥವರ ಬಾಯಲ್ಲಿ ಮಣ್ಣು ಬೀಳಲಿ. ಅವನಿಗೆ ನಮ್ಮ ಮಾಸ್ತರರ ಪೆನ್ನು ಗೊತ್ತಿರಲಿಲ್ಲ. ಶಾಲೆಯ ದಾಖಲೆಯಲ್ಲಿ ಹುಡುಗನಿಗೆ ಹದಿನಾರು ತುಂಬಿತ್ತು. ಹದಿನಾರು ತುಂಬಿದವನನ್ನು ಕೊಲೆಯ ಕೇಸಿನಲ್ಲಿ ದೊಡ್ಡವರ ಹಾಗೆಯೇ ವಿಚಾರಣೆಗೆ ನಿಲ್ಲಿಸಬಹುದು.

ಸುದ್ದಿ ತಿಳಿದು ಮಾಸ್ತರರು ಅನ್ನ ಬಿಟ್ಟರು. ಸುಮ್ಮನಿರಿ, ಪೆನ್ಶನ್‌ಗೆ ಕುತ್ತು ಬಂದೀತು ಎಂದು ಮನೆಯವರು ಹೇಳಿದರೂ ಕೇಳಲಿಲ್ಲ. "ಸುಳ್ಳು ಬರ್ದಾಂವ ನಾ. ಅದರ ಭಾರ ಆ ಪೋರ ಯಾಕ ಹೊರಬೇಕು?" ಎಂದು ಬೀದರಿಗೆ ಬಂದರು. ಬಾಲ ನ್ಯಾಯ ಮಂಡಳಿಯವರೆಗೆ ಕರೆದುಕೊಂಡು ಹೋದವನು ನಾನು. ಒಳಗಿನಿಂದ ಬೇಗನೇ ಹೊರಬಂದರು, ಟೋಪಿ ಕೈಯಲ್ಲಿತ್ತು.

"ಸಾಲಿ ದಾಖಲಿನೇ ಖರೆ ಅಂತಪಾ. ಬರ್ದಾಂವನ ಮಾತು ಸುಳ್ಳಂತ."

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಹಸಿದ ಕೂಸುಗಳನ್ನು ಒಳಗೆ ಕರೆದುಕೊಂಡ ಮನುಷ್ಯನನ್ನು ನಾನು ಹೇಗೆ ಬೈಯಲಿ? ಬೈಯದೆ ಹೇಗೆ ಇರಲಿ?

ಅದೇ ಅವರನ್ನು ನಾನು ಕಂಡ ಕೊನೆಯ ದಿನ. ಆ ಮಳೆಗಾಲ ದಾಟುವ ಮೊದಲೇ ಅವರು ತೀರಿಕೊಂಡರು.

ಅವತ್ತು ಮಂಡಳಿಯ ಹೊರಗಿನ ಮೆಟ್ಟಿಲ ಮೇಲೆ ಸಚಿನನ ತಾಯಿ ಪ್ರಯಾಗಬಾಯಿ ಕೂತಿದ್ದಳು. ಮಾಸ್ತರರು ಯಾಕೆ ಬಂದಿದ್ದಾರೆಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಅವಳು ಕೂಗಾಡಲಿಲ್ಲ. ಮಗನನ್ನು ಶಾಲೆಗೆ ಸೇರಿಸಲು ಬಂದ ದಿನದ ಹಾಗೆಯೇ ಸೆರಗು ಹೊದ್ದು ಎದ್ದು ನಿಂತಳು.

"ಮಾಸ್ತರ, ಅವಂದೊಂದು ವರ್ಷ ಕಳೀಲಿಕ್ಕ ಬಂದಿದ್ರಂತ. ನನ್ನ ಸಚಿನಗ ಒಂದ್ ವರ್ಷ ಕೂಡ್ಸಿ ಕೊಡ್ರಿ. ನಿಮ್ದೇನು ಹೋಗ್ತದ್ರಿ?"