ತುಳಸಿದಾಸ ಸರ್ ಮಾತು ನಿಲ್ಲಿಸಿದ ಸೆಮಿಸ್ಟರ್

ಬೊಬ್ರುವಾಡದ ತುಳಸಿದಾಸ ಇಪ್ಪತ್ತೆರಡು ವರ್ಷಗಳಿಂದ ದಿನವೂ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಕಲಿಸುವುದೆಂದರೆ ಹಳೆಯ ನೋಟ್ಸ್ ಓದುವುದು, ಮಕ್ಕಳು ತಲೆಯೆತ್ತದೆ ಬರೆದುಕೊಳ್ಳುವುದು. ಅರ್ಧದಷ್ಟು ಮಂದಿ ಫೇಲಾಗುತ್ತಿದ್ದರು. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಬೇಸರಪಡುವುದಕ್ಕೂ ಆಯಾಸ.

ಕಳೆದ ವರ್ಷ ಗಂಟಲು ಕೈಕೊಟ್ಟಿತು. ಆರು ವಾರ ಮಾತಾಡಲೇಬೇಡಿ ಎಂದರು ಡಾಕ್ಟರು.

"ರಜೆ ಹಾಕೂಕೆ ಎಂತಾ ತೊಂದ್ರೆ?" ಎಂದಳು ಹೆಂಡತಿ ವೈಜಯಂತಿ.

ಬದಲಿಗೆ ಬರುವವರು ಯಾರೂ ಇರಲಿಲ್ಲ. ಅವರು ಚೀಲ ಎತ್ತಿಕೊಂಡು ಹೊರಟರು.

ಆ ದಿನ ಬೋರ್ಡಿನ ಮೇಲೆ ಬರೆದರು: ಸಮುದ್ರದಲ್ಲಿದ್ದ ದೋಣಿ ಅದೇ ಹೊರೆಯೊಡನೆ ಕಾಳಿ ಹೊಳೆಯ ಸಿಹಿನೀರಿಗೆ ಬಂದರೆ ಮೇಲೇಳುತ್ತದೋ, ಇನ್ನಷ್ಟು ಮುಳುಗುತ್ತದೋ, ಹಾಗೆಯೇ ಇರುತ್ತದೋ? ಕೈ ಎತ್ತಿಸಿದಾಗ ಬಹುಪಾಲು ಮಂದಿ 'ಹಾಗೆಯೇ' ಎಂದರು. 'ಪಕ್ಕದವರನ್ನು ಒಪ್ಪಿಸಿ' ಎಂದು ಬರೆದು ಕುರ್ಚಿಯಲ್ಲಿ ಕುಸಿದು ಕುಳಿತರು.

"ತೂಕ ಬದಲಾಗ್ಲಿಲ್ಲ ಅಲ್ದಾ? ಮತ್ತೆ ಎಂತಕ್ಕೆ ಮುಳುಗ್ತದೆ?" ಎಂದ ಮಲ್ಲಾಪುರದ ರೋಷನ.

ಅವನ ಹಿಂದೆ ಕುಳಿತಿದ್ದ ರಕ್ಷಿತಾ ಕೇಣಿ ಎಂಬ ಊರಿನ ಮೀನುಗಾರರ ಮನೆಯವಳು. ಕ್ಲಾಸಿನಲ್ಲಿ ಒಮ್ಮೆಯೂ ಬಾಯಿ ತೆರೆದವಳಲ್ಲ. "ಹೊಳೆಗೆ ಬಂದ್ರೆ ಕೆಳಗೆ ಕೂತ್ಕಂತದೆ. ನಾ ಕಣ್ಣಾರೆ ಕಂಡಿದ್ದೆ."

"ಎಂತಕ್ಕೆ, ಹೇಳು ನೋಡ್ವಾ," ಎಂದ ರೋಷನ.

ಹತ್ತು ನಿಮಿಷ ಇಬ್ಬರೂ ಕಿತ್ತಾಡಿದರು. ಕೊನೆಗೆ ಅವಳು "ಉಪ್ಪು!" ಎಂದಳು. ರೋಷನ ತಡೆದು ತಡೆದು ಲೆಕ್ಕ ಕಟ್ಟಿದ: ಸಿಹಿನೀರು ಹಗುರ, ಅದೇ ತೂಕ ಹೊರಲು ದೋಣಿ ಹೆಚ್ಚು ನೀರು ಸರಿಸಬೇಕು, ಹಾಗಾಗಿ ಇಳಿಯುತ್ತದೆ. ಎರಡನೇ ಸಲ ಕೈ ಎತ್ತಿಸಿದಾಗ ಉತ್ತರ ತಪ್ಪಿದವರು ನಾಲ್ಕೇ ಮಂದಿ.

ಗಲಾಟೆ ಕೇಳಿ ಪ್ರಿನ್ಸಿಪಾಲರು ಬಂದರು. "ಎಂತದ್ರೀ ಇದು, ಕ್ಲಾಸೋ ಸಂತೆಯೋ?" ತುಳಸಿದಾಸರು ಗಂಟಲು ತೋರಿಸಿ ಕೈಮುಗಿದರು.

ಆರು ವಾರ ಹೀಗೇ ನಡೆಯಿತು. ಮಕ್ಕಳ ತಪ್ಪು ಉತ್ತರಗಳಿಂದ ಅವರಿಗೆ ಗೊತ್ತಾಗಿದ್ದು ಒಂದೇ: ತಾವು ಇಷ್ಟು ವರ್ಷ ಓದಿ ಹೇಳಿದ್ದು ಹೆಚ್ಚಿನವರ ತಲೆಗೆ ಹೋಗಿರಲೇ ಇಲ್ಲ. ಬಸ್ಸಿನ ಕಿಟಕಿಗೆ ಒರಗಿ ಕುಳಿತರೆ ಫೇಲಾದವರ ಮುಖಗಳು ನೆನಪಾಗುತ್ತಿದ್ದವು.

ಧ್ವನಿ ಬಂತು. ಆದರೆ ಪಾಠ ಎರಡು ಅಧ್ಯಾಯ ಹಿಂದೆ ಬಿದ್ದಿತ್ತು. ಅವರು ಮತ್ತೆ ನೋಟ್ಸ್ ಬಿಚ್ಚಿ ಓದತೊಡಗಿದರು. ರಕ್ಷಿತಾ ಎದ್ದು ನಿಂತಳು.

"ಸರ್, ಸಿಟ್ಟು ಮಾಡ್ಕಣ್ಬೇಡಿ. ಓದೂದು ನಾವು ಮನೇಲಿ ಓದ್ಕಂತೇವೆ. ನೀವು ಪ್ರಶ್ನೆ ಹಾಕಿ."

ಅವರಿಗೆ ನೋವಾಯಿತು. ನೋಟ್ಸ್ ಮುಚ್ಚಿಟ್ಟು ಚಾಕ್‌ಪೀಸ್ ತೆಗೆದುಕೊಂಡರು.

ಆ ಸಲ ನಲವತ್ತೊಂದು ಮಂದಿಯಲ್ಲಿ ಒಂಬತ್ತು ಜನ ಫೇಲಾದರು. ಒಂದು ಒಳ್ಳೆಯ ಪ್ರಶ್ನೆ ಕಟ್ಟಲು ತುಳಸಿದಾಸರಿಗೆ ಇಡೀ ಸಂಜೆ ಬೇಕಾಗುತ್ತದೆ. ನೋಟ್ಸ್ ಓದುವುದಕ್ಕಿಂತ ಇದೇ ಹೆಚ್ಚು ದಣಿವು.

"ಸಾಕು ಮಾಡ್ರಿ, ಊಟಕ್ಕೆ ಏಳಿ," ಎನ್ನುತ್ತಾಳೆ ವೈಜಯಂತಿ.

"ಇದೊಂದು ಮುಗಿಸ್ತೆ," ಎನ್ನುತ್ತಾರೆ ಅವರು, ಕಣ್ಣುಜ್ಜಿಕೊಳ್ಳುತ್ತ.