ಒಲೆಯ ಬಳಿ ಇಟ್ಟ ಮೈಕು

ಆ ದಿನ ಮುದ್ದೆ ಗಂಟುಗಂಟಾಗಿತ್ತು ಎಂಬುದು ನನ್ನ ನೆನಪು. ಆದರೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಬೇಕಾದದ್ದನ್ನು ಸೇರಿಸಿ, ಬೇಡದ್ದನ್ನು ಕಳೆದು, ಕೊನೆಗೆ ನಡೆದದ್ದು ಇದೇ ಎಂದು ಹಟ ಹಿಡಿಯುವುದು ಅದರ ಸ್ವಭಾವ. ಹಾಗಾಗಿ ಮುಂದೆ ಹೇಳುವುದರಲ್ಲಿ ಎಷ್ಟು ಕಂಡದ್ದು, ಎಷ್ಟು ಕಟ್ಟಿಕೊಂಡದ್ದು ಎಂಬ ಅನುಮಾನ ನನಗೆ ಇದ್ದೇ ಇದೆ.

ಇತ್ತೀಚೆಗೆ ಕಪಾಟಿನಲ್ಲಿ ಏನೋ ಹುಡುಕುವಾಗ ಹಳೆಯ ಮೈಕೊಂದು ಸಿಕ್ಕಿತು. ಅದರ ತಲೆಗೆ ಹಾಕಿದ್ದ ಸ್ಪಂಜಿನ ಟೋಪಿಯಲ್ಲಿ ಇನ್ನೂ ಹೊಗೆಸೊಪ್ಪಿನ ವಾಸನೆ. ಸಿಹಿ ಬೆರೆತ, ಗಂಟಲಿಗೆ ತಾಗುವ ವಾಸನೆ... ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ.

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವಾಗ ಸಿಗುವ ನಮ್ಮೂರಿನಲ್ಲಿ, ನಮ್ಮ ಪಕ್ಕದ ಮನೆಯ ಅಣ್ಣ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಉಳಿದ ಹೊತ್ತು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಹದ ಮಾಡುವ ಕಾಲ ಮುಗಿದು ಬ್ಯಾರನ್ ಖಾಲಿಯಾದರೆ, ಆ ಎತ್ತರದ ಇಟ್ಟಿಗೆ ಕೋಣೆಯೇ ಅವರ ಅಭ್ಯಾಸದ ಜಾಗ. ಹಲಸಿನ ಹಲಗೆಯಲ್ಲಿ ತಾವೇ ಕೂಡಿಸಿದ ಸ್ಪೀಕರ್ ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು, ಅದರ ಮುಂದೆ ಮೋಟು ಸ್ಟೂಲಿನ ಮೇಲೆ ಕೂರುತ್ತಿದ್ದರು. ಬ್ಯಾರನ್ನಿನ ಬಾಗಿಲಿಗೆ ನೇರವಾಗಿ ಅವರ ಅಡುಗೆಮನೆಯ ಕಿಟಕಿ. ಅತ್ತಿಗೆಗೆ ಆ ಪೆಟ್ಟಿಗೆಯನ್ನು ಕಂಡರೆ ಆಗುತ್ತಿರಲಿಲ್ಲ. ಮನೆಗೆ ಬಂದವರಿಗೆಲ್ಲ ಅದನ್ನು ತನ್ನ ಸವತಿ ಎಂದೇ ಪರಿಚಯಿಸುತ್ತಿದ್ದರು.

ವೇದಿಕೆಯ ಮೇಲೆ ವರ್ಷಗಟ್ಟಲೆ ಡ್ರಮ್ಸ್ ಪಕ್ಕದಲ್ಲಿ ನಿಂತು ಅಣ್ಣನ ಕಿವಿ ಹೋಗುತ್ತಾ ಬಂತು. ಮೊದಲು ಎಡಗಿವಿ. ಆಮೇಲೆ ಬಲಗಿವಿಯಲ್ಲೂ ಸಣ್ಣ ಸದ್ದುಗಳು ಕರಗತೊಡಗಿದವು. ಉಳಿದದ್ದೂ ನಿಲ್ಲುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ ಮೇಲೆ ಅಣ್ಣ ನನಗೆ ಫೋನ್ ಮಾಡಿದರು.

"ಪೂರ್ತಿ ಓಗೋಕ್ಮುಂಚೆ ಈ ಪೆಟ್ಗೆ ದನೀನ ಇಡ್ದು ಮಡಗ್ಬೇಕು ಕಣ್ಲಾ. ನಂಗೆ ಇನ್ನೂ ಒಸಿ ಕೇಳ್ಸೋವಾಗ್ಲೇ ಬಾ."

ನಾನಾಗ ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿದ್ದೆ. ನನ್ನದೊಂದು ಗಟ್ಟಿಮುಟ್ಟಾದ ಮೈಕು, ಗೆಳೆಯನಿಂದ ತಂದು ಕೊನೆಗೆ ನನ್ನಲ್ಲೇ ಉಳಿದ ನಾಜೂಕಿನ ಕಂಡೆನ್ಸರ್ ಮೈಕು, ಲ್ಯಾಪ್‌ಟಾಪು. ಹೋದೆ.

ಮೊದಲು ನನ್ನ ಮೈಕನ್ನು ಸ್ಪೀಕರಿನ ನಟ್ಟನಡುವೆ, ಅದರ ಮುಂಬದಿಯ ಬಟ್ಟೆಗೆ ತಾಗುವಷ್ಟು ಹತ್ತಿರ ಇಟ್ಟೆ. ದನಿ ಸೂಜಿಯಂತೆ ಚುಚ್ಚಿತು. ಮೈಕನ್ನು ಸ್ಪೀಕರಿನ ಅಂಚಿಗೆ ಸರಿಸಿ ಸ್ವಲ್ಪ ಓರೆ ಮಾಡಿದೆ. ಚುಚ್ಚು ಹೋಗಿ ದನಿಗೆ ಮೈ ಬಂತು. ಕಂಡೆನ್ಸರನ್ನು ದೂರ ನಿಲ್ಲಿಸಿದರೆ ಇಟ್ಟಿಗೆ ಗೋಡೆಗಳು ಪ್ರತಿ ಸ್ವರವನ್ನೂ ಎರಡೆರಡು ಸಲ ಹೇಳುತ್ತಿದ್ದವು. ಸೊಪ್ಪು ನೇತುಹಾಕುವ ಅಡ್ಡಮರಗಳಿಗೆ ಗೋಣಿಚೀಲ ಇಳಿಬಿಟ್ಟೆವು. ಅಂಚಿನ ಮೈಕಿನದೇ ಸರಿಯಾದ ದನಿ ಎಂದು ನನಗೆ ಖಾತ್ರಿಯಾಗಿತ್ತು.

ಅಣ್ಣನಿಗೆ ಆಗಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದರು. ಅದನ್ನು ತೆಗೆದು, ತಿರುಗಿಸಿ ಹಾಕಿಕೊಂಡು ಮತ್ತೆ ಕೇಳಿದರು. ತಪ್ಪು ಮೈಕಿನದೋ ಕಿವಿಯದೋ ಅವರಿಗೆ ತಿಳಿಯುತ್ತಿರಲಿಲ್ಲ. ಅವರ ಮುಖದಲ್ಲಿ ಆಗ ಕಂಡದ್ದು ಹೆದರಿಕೆ ಎಂದು ಈಗ ಅನ್ನಿಸುತ್ತದೆ. ಆಗಲೂ ಹಾಗೆ ಅನ್ನಿಸಿತ್ತೇ... ಹೇಳಲಾರೆ.

ಊಟಕ್ಕೆ ಸೊಪ್ಪಿನ ಸಾರು ಆಯಿತು, ಮುದ್ದೆಗೆ ಹಿಟ್ಟು ತೊಳಸುವುದಷ್ಟೇ ಬಾಕಿ ಎಂದು ಹೇಳಲು ಅತ್ತಿಗೆ ಬಂದರು. ಅಣ್ಣ ಹೆಡ್‌ಫೋನನ್ನು ಅವರ ತಲೆಗೆ ಹಾಕಿ, ಇದರಲ್ಲಿ ಯಾವುದು ನನ್ನದು ಹೇಳು ಎಂದರು. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿದರು.

"ಯಾವ್ದೂ ಅಲ್ಲ ಕಣ್ರೀ. ನಮ್ಮ ಒಲೆ ತಾವ ಇಂಗೆ ಕೇಳಾಕಿಲ್ಲ ಅದು."

ಇಷ್ಟು ದಿನ ತಲೆನೋವು ಅಂತಿದ್ದೆಯಲ್ಲ, ಅದರ ದನಿ ನಿನಗೆ ಹೇಗೆ ಗೊತ್ತು ಎಂದು ಅಣ್ಣ ಕೆಣಕಿದರು. ತಲೆನೋವು ಯಾವ ಕಡೆಯಿಂದ ಬರುತ್ತದೆ ಅಂತ ತಲೆಗೆ ಗೊತ್ತಿರಲ್ಲವಾ ಎಂದು ಅತ್ತಿಗೆ ಒಳಗೆ ಹೋದರು.

ಅಣ್ಣ ನನ್ನ ಕಡೆ ತಿರುಗಿ, "ಒಲೆ ತಾವ್ಲೇ ಇಕ್ಕು ಮೈಕ," ಎಂದರು.

ಪಾತ್ರೆ ಸದ್ದು, ಕೋಳಿ ಕೂಗು ಎಲ್ಲ ಸೇರಿಕೊಳ್ಳುತ್ತದೆ, ಯಾರೂ ಹೀಗೆ ಮಾಡುವುದಿಲ್ಲ ಎಂದು ನಾನು ವಾದಿಸಿದೆ.

"ಸೇರ್ಲಿ ಬುಡು. ನನ್ ಕಿವಿ ನಂಬಕಾಯ್ತಿಲ್ಲ. ಅವಳ್ದು ಸರಿಯಾಗದೆ."

ಕಂಡೆನ್ಸರಿಗೆ ಸ್ಪಂಜಿನ ಟೋಪಿ ಹಾಕಿ, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಬ್ಯಾರನ್ನಿನ ಬಾಗಿಲಿನ ಕಡೆಗೆ ಮುಖ ಮಾಡಿ ಇಟ್ಟೆ. ನನ್ನದು ಪೆಟ್ಟಿಗೆಯ ಅಂಚಿನಲ್ಲೇ ಇತ್ತು. ಎರಡೂ ಒಟ್ಟಿಗೆ ಓಡಿದವು. ಅಣ್ಣ ನಿಧಾನದ ರಾಗವೊಂದನ್ನು ನುಡಿಸಿದರು. ಆಮೇಲೆ ಊಟಕ್ಕೆ ಕೂತೆವು. ಮುದ್ದೆಯಲ್ಲಿ ಗಂಟುಗಳಿದ್ದವು, ಒಣಹಿಟ್ಟು ಬಾಯಿಗೆ ಸಿಕ್ಕಿತು.

ಅಣ್ಣನ ಕಿವಿ ಆಮೇಲೆ ಪೂರ್ತಿ ಹೋಯಿತು. ಪೆಟ್ಟಿಗೆ ಕೆ.ಆರ್. ನಗರದ ಆರ್ಕೆಸ್ಟ್ರಾವೊಂದಕ್ಕೆ ಹೋಯಿತು. ಈಗ ಅಣ್ಣನೂ ಇಲ್ಲ.

ಮೈಕು ಸಿಕ್ಕಿದ ಮೇಲೆ, ಸರಗೂರಿನಲ್ಲಿ ತಮ್ಮ ತಂಗಿಯ ಮನೆಯಲ್ಲಿರುವ ಅತ್ತಿಗೆಯನ್ನು ನೋಡಿ ಬಂದೆ. ಅಣ್ಣ ನುಡಿಸಿದ್ದನ್ನು ಕೇಳುತ್ತಾ ಅವತ್ತು ಮುದ್ದೆ ಗಂಟಾಯಿತಲ್ಲ ಎಂದು ಮಾತು ತೆಗೆದೆ. ಅವರಿಗೆ ಸಿಟ್ಟೇ ಬಂತು.

"ನಾನು ತೊಳಸಿದ್ ಇಟ್ಟು ಗಂಟಾಗಿದ್ದುಂಟಾ? ನಡುವೆ ಕೋಲು ನಿಲ್ಸಿದ್ರೆ ತಾನೆ ಗಂಟಾಗೋದು? ಓದಿ ಓದಿ ನಿಂಗೆ ಗ್ಯಾನ ತಪ್ಪದೆ. ಅವ್ರು ಬಾರ್ಸಿದ್ದ ನಾನ್ಯಾವತ್ತು ಕೂತು ಕೇಳಿದ್ದೆ?"

ಅವರು ಹೇಳಿದ್ದೇ ನಿಜವಿರಬಹುದು ಎನ್ನಿಸಿತು. ಇಬ್ಬರ ನಡುವೆ ಒಂದು ಚೆಂದದ ಕಥೆ ಇರಲಿ ಎಂದು ಗಂಟುಗಳನ್ನು ನಾನೇ ಸೇರಿಸಿಕೊಂಡಿರಬಹುದು. ಬಸ್ಸಿನಲ್ಲಿ ಬರುವಾಗಲೂ ಅದೇ ಯೋಚನೆ. ಮನೆಗೆ ಬಂದು ಹಳೆಯ ಹಾರ್ಡ್‌ಡಿಸ್ಕ್ ಹುಡುಕಿ, ಕಿಟಕಿಯ ಮೈಕು ಹಿಡಿದದ್ದನ್ನು ಮಾತ್ರ ಕೇಳಿದೆ. ಪೆಟ್ಟಿಗೆಯ ದನಿ ಅಂಗಳ ದಾಟಿ ಮೆತ್ತಗೆ ಬರುತ್ತಿದೆ. ಅದಕ್ಕಿಂತ ಹತ್ತಿರದಲ್ಲಿ ಹಿಟ್ಟಿನ ಕೋಲು ಪಾತ್ರೆಗೆ ಬಡಿಯುವ ಸದ್ದು, ಬಿಡುವಿಲ್ಲದೆ. ರಾಗ ಕೆಳಗಿನ ಸ್ವರಗಳಿಗೆ ಇಳಿಯುತ್ತದೆ. ಅಲ್ಲಿ ಕೋಲು ನಿಲ್ಲುತ್ತದೆ. ನನಗೆ ನಂಬಿಕೆ ಬರಲಿಲ್ಲ, ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ಕೊನೆಯ ಸ್ವರ ಪೂರ್ತಿ ಆರುವವರೆಗೂ ಕೋಲು ಮತ್ತೆ ಆಡಿಲ್ಲ.